ಆಷಾಢಕ್ಕೆ ಬಂದ ಗೇಟು

ನಮ್ಮೂರಿನ ಕಬ್ಬಿಣ ಆಷಾಢಕ್ಕೆ ತವರಿಗೆ ಬರುತ್ತದೆ. ಬೇರೆ ಊರಿನವರು ಇದನ್ನು ಕೇಳಿ ಬಾಯಿ ಬಿಟ್ಟು ನೋಡುತ್ತಾರೆ. ನಮಗೆ ಮಾತ್ರ ಆಷಾಢ ಹತ್ತಿರ ಬಂತೆಂದರೆ ಅಂಗಳ ಗುಡಿಸಬೇಕು, ಹರಳೆಣ್ಣೆ ತಂದಿಡಬೇಕು, ಬಂದವಳನ್ನು ಎಲ್ಲಿ ಇರಿಸಬೇಕು ಎನ್ನುವ ತಲೆಬಿಸಿ. ಮದುವೆಯಾಗಿ ಹೋದ ಹೆಣ್ಣುಮಗಳು ಮೊದಲ ಆಷಾಢಕ್ಕೆ ಬರುವುದಿಲ್ಲವೇ, ಹಾಗೆಯೇ ಇದು. ಗುಡ್ಡದಿಂದ ಹೊರಟ ಅದಿರು ರೈಲು ಹತ್ತಿ, ಬಂದರು ಸೇರಿ, ಹಡಗೇರಿ, ಕಂಡರಿಯದ ದೇಶದಲ್ಲಿ ಕರಗಿ, ಏನೋ ಒಂದಾಗಿ ಬಾಳುವೆ ಶುರು ಮಾಡುತ್ತದೆ. ಆಮೇಲೆ ಬರುವ ಮೊದಲ ಆಷಾಢದ ಪಾಡ್ಯದ ಬೆಳಿಗ್ಗೆ ನಾವು ಬಾಗಿಲು ತೆಗೆದರೆ, ಯಾವ ಮನೆಯವರು ಮಡಿಲು ತುಂಬಿ ಕಳಿಸಿದ್ದರೋ ಅದೇ ಮನೆಯ ಅಂಗಳದಲ್ಲಿ ಬಂದು ಕೂತಿರುತ್ತದೆ. ಅಮಾವಾಸ್ಯೆಯವರೆಗೆ ಇದ್ದು ಮತ್ತೆ ಮಡಿಲು ತುಂಬಿಸಿಕೊಂಡು ಹೋಗುತ್ತದೆ. ಎರಡನೆಯ ವರ್ಷ ಬರುವುದಿಲ್ಲ. ಅಷ್ಟು ಹೊತ್ತಿಗೆ ಹೊಂದಿಕೊಂಡಿರುತ್ತದೆ ಎಂದು ಹಿರಿಯರು ಹೇಳುತ್ತಿದ್ದರು.

ಅದಿರು ತುಂಬಿದ ರೈಲು ಹೊರಡುವ ಮುಂಚೆ ಒಂದೊಂದು ಮನೆಯವರು ಸರದಿಯಂತೆ ಹೋಗಿ ಮೊದಲ ವ್ಯಾಗನ್ನಿನ ಮಡಿಲು ತುಂಬುವುದು ನಮ್ಮ ಪದ್ಧತಿ. ಅಕ್ಕಿ, ಬೆಲ್ಲದಚ್ಚು, ತೆಂಗಿನಕಾಯಿ, ಎಲೆ ಅಡಿಕೆ, ಒಂದು ಕುಪ್ಪಸದ ಕಣ. ಹಾಗೆ ಕಳಿಸದ ಅದಿರು ಬಂದರಿನ ದಾರಿಯಲ್ಲೇ ಮಣ್ಣಾಗಿಬಿಡುತ್ತದೆ, ಸರ್ಕಾರವೇ ಎರಡು ಸಲ ಪರೀಕ್ಷೆ ಮಾಡಿ ಕೈ ಸುಟ್ಟುಕೊಂಡಿದೆ. ಹೀಗಾಗಿ ಯಾರ ಮನೆಗೆ ಯಾವ ಆಷಾಢಕ್ಕೆ ಏನು ಬರುತ್ತದೆ ಎಂದು ಮುಂಚೆ ಹೇಳಲು ಬರುವುದಿಲ್ಲ. ಒಂದು ವರ್ಷ ಮೇಲಿನ ಬೀದಿಯ ಗೌರಕ್ಕನ ಮನೆಗೆ ಬರೀ ಕತ್ತರಿಗಳು ಬಂದವು, ಒಂದು ಚೀಲದಷ್ಟು. ಅವಕ್ಕೆಲ್ಲ ಎಣ್ಣೆ ಹಚ್ಚುವುದರಲ್ಲಿ ಅವಳ ಉಗುರಿನ ಸಂದಿಯೆಲ್ಲ ಕಪ್ಪಾಯಿತು. ಹಳೇ ಬಸ್‌ಸ್ಟ್ಯಾಂಡಿನ ಹಿಂದಿನವರಿಗೆ ಒಂದು ಸೇತುವೆಯ ಕಾಲುಭಾಗ ಬಂತು. ಮನೆಯವರು ಒಂದು ತಿಂಗಳು ಕಿಟಕಿಯಿಂದ ಹತ್ತಿಳಿದು ಓಡಾಡಿದರು. ಆ ಸೇತುವೆಯ ಊರಿನಲ್ಲಿ ಜನ ದೋಣಿ ಹತ್ತಿ ಕೆಲಸಕ್ಕೆ ಹೋದರಂತೆ, ನಮ್ಮನ್ನು ಬೈದುಕೊಂಡಿರುತ್ತಾರೆ, ಪಾಪ. ನನ್ನ ಸರದಿಗೆ ಒಮ್ಮೆ ಹೊಲಿಗೆ ಮಷೀನು ಬಂದಿತ್ತು. ಎಷ್ಟು ಮಾತುಗಾತಿ ಅಂತೀರಿ, ಹಗಲೆಲ್ಲ ಟಕಟಕ ಟಕಟಕ. ಹೋದ ಮೇಲೆ ಮನೆ ಬಿಕೋ ಎಂದಿತು.

ಇಷ್ಟೆಲ್ಲ ರಗಳೆಯನ್ನು ಹೊರದೇಶದವರು ಯಾಕೆ ಸಹಿಸುತ್ತಾರೆ ಎಂದರೆ, ನಮ್ಮ ಗುಡ್ಡದ ಕಬ್ಬಿಣ ತುಕ್ಕು ಹಿಡಿಯುವುದಿಲ್ಲ. ಮಡಿಲು ತುಂಬಿಸಿಕೊಂಡು ಹೋದದ್ದು ಹೋದ ಮನೆಯಲ್ಲಿ ಮುರಿಯುವುದಿಲ್ಲ. ಆದ್ದರಿಂದ ಅವರು ಒಪ್ಪಂದದಲ್ಲೇ ಆಷಾಢದ ರಜೆ ಎಂದು ಸೇರಿಸಿಕೊಂಡು ಸಹಿ ಹಾಕುತ್ತಾರೆ. ನಾವೂ ಸಹಿಸುತ್ತೇವೆ, ಏಕೆಂದರೆ ನಮ್ಮ ದೇಶಕ್ಕೆ ಹೊರಗೆ ಮಾರಲು ಬೇರೇನೂ ಇಲ್ಲ. ಸೀಮೆಎಣ್ಣೆ, ಔಷಧಿ, ಕನ್ನಡಕದ ಗಾಜು, ಶಾಲೆಯ ಕಾಗದ, ರಾಜಧಾನಿಯ ದೊರೆಗಳು ಓಡಾಡುವ ಕಾರು, ಎಲ್ಲವೂ ಅದಿರು ಹೋದ ಹಡಗಿನ ಬೆನ್ನಿಗೆ ಬರಬೇಕು. ಶಾಲೆಯ ಪುಸ್ತಕದಲ್ಲಿ ದೇಶ ನಮ್ಮ ಗುಡ್ಡದ ಮೇಲೆ ನಿಂತಿದೆ ಎಂದು ಬರೆದಿದ್ದಾರೆ. ಸಂಜೆ ರೇಡಿಯೋದಲ್ಲಿ ವಾರ್ತೆ ಮುಗಿದ ಮೇಲೆ ಇವತ್ತು ಎಷ್ಟು ಅದಿರು ಹಡಗೇರಿತು ಎಂದು ಓದುತ್ತಾರೆ, ನಾವು ಊಟದ ತಟ್ಟೆ ಮುಂದಿಟ್ಟುಕೊಂಡು ನಮ್ಮದೇ ಮಕ್ಕಳ ಪರೀಕ್ಷೆಯ ಫಲಿತಾಂಶ ಕೇಳುವವರ ಹಾಗೆ ಕೇಳುತ್ತೇವೆ. ಕೆಮ್ಮಣ್ಣು ಮೆತ್ತಿದ ಊರು, ಬಿಳಿ ಪಂಚೆಯೆನ್ನುವುದೇ ಇಲ್ಲದ ಊರು, ಆದರೂ ಜಂಬಕ್ಕೇನೂ ಕಡಿಮೆಯಿಲ್ಲ.

ಈ ಕಥೆ ನನ್ನ ಅತ್ತಿಗೆ ಬೋರಕ್ಕನದು. ನನ್ನ ಅಣ್ಣ ತಿಪ್ಪೇಶಣ್ಣ ಗುಡ್ಡದಲ್ಲಿ ಅದಿರು ಅಗೆಯುತ್ತಿದ್ದವನು. ಧೂಳು ಅವನ ಎದೆಯಲ್ಲಿ ಮನೆ ಮಾಡಿ ಈಗ ಕೆಲವು ವರ್ಷಗಳಿಂದ ನಡುಮನೆಯ ಮಂಚದಿಂದ ಜಗಲಿಗೆ ಬರುವುದೇ ಅವನಿಗೆ ಒಂದು ಪ್ರಯಾಣ. ದಿನಾ ಬೆಳಿಗ್ಗೆ ಸಂಜೆ ಬಿಳಿ ಮಾತ್ರೆ ನುಂಗಿದರೆ ಉಸಿರು ಸಲೀಸಾಗಿ ಆಡುತ್ತದೆ, ತಪ್ಪಿದರೆ ತಿದಿ ಹರಿದ ಹಾರ್ಮೋನಿಯಂ ಥರ ಎದೆ ಕುಯ್ಯೋ ಎನ್ನುತ್ತದೆ. ಆ ಮಾತ್ರೆ ಹಡಗಿನಲ್ಲೇ ಬರಬೇಕು. ನಾನು ಗಂಡ ತೀರಿಕೊಂಡ ಮೇಲೆ ಅವರ ಮನೆಯ ಮಗ್ಗುಲಿನಲ್ಲೇ ಒಂದು ಕೋಣೆ ಹಾಕಿಕೊಂಡಿದ್ದೇನೆ. ತಲೆಯೆಲ್ಲ ನೆರೆತಿದ್ದರೂ ಅತ್ತಿಗೆ ನನ್ನನ್ನು ಇವತ್ತಿಗೂ ‘ಲಕ್ಕಿ’ ಎಂದೇ ಕರೆಯುವುದು. ಅವಳು ಈ ಮನೆಗೆ ಸೊಸೆಯಾಗಿ ಬಂದಾಗ ನಾನು ಮೂಗು ಸೋರಿಸಿಕೊಂಡು ಲಂಗ ಎಳೆದುಕೊಂಡು ಓಡಾಡುತ್ತಿದ್ದವಳು.

ಆ ವರ್ಷ ಅತ್ತಿಗೆಯ ಮನೆಗೆ ಬಂದದ್ದು ಒಂದು ಗೇಟು. ಒಂದೇ ಬಾಗಿಲಿನದು, ಆಳಿಗಿಂತ ಎತ್ತರ, ದಪ್ಪ ಸರಳುಗಳು, ಹಸಿರು ಬಣ್ಣ. ಅಂಗಳದ ಗೋಡೆಗೆ ಒರಗಿಕೊಂಡು ನಿಂತಿತ್ತು. ಚಿಲಕದಲ್ಲಿ ತುಂಡಾದ ಒಂದು ಸರಪಳಿ ನೇತಾಡುತ್ತಿತ್ತು.

‘ನೋಡೇ ಲಕ್ಕಿ, ಎಂಥಾ ಎತ್ತರದ ಹುಡುಗಿ,’ ಎಂದು ಅತ್ತಿಗೆ ಹಿಗ್ಗಿದಳು. ‘ಇವ್ಳಿಗೆ ಎಣ್ಣೆ ಹಚ್ಚಾಕೆ ಏಣಿ ಬೇಕಾಗ್ತದೆ.’

ನಿಜವಾಗಿಯೂ ಏಣಿ ತಂದೆವು. ಎಣ್ಣೆ ಬೆಚ್ಚಗೆ ಮಾಡಿ, ಹಳೆ ಸೀರೆಯ ತುಂಡಿನಲ್ಲಿ ಅದ್ದಿ, ಅವಳು ಮೇಲಿನಿಂದ ನಾನು ಕೆಳಗಿನಿಂದ ತಿಕ್ಕುತ್ತಾ ಬಂದೆವು. ಚಿಲಕವಿದ್ದ ಕಡೆ ಬಣ್ಣ ಹೊಚ್ಚ ಹೊಸದಾಗಿ ಮಿರಮಿರ ಮಿಂಚುತ್ತಿತ್ತು. ಆಚೆ ಮಗ್ಗುಲಿಗೆ ಹೋದ ಅತ್ತಿಗೆ ಎಣ್ಣೆ ಅರಿವೆ ಕೆಳಗಿಟ್ಟು ನನ್ನನ್ನು ಕರೆದಳು. ಚಿಲಕವಿಲ್ಲದ ಆ ಮೈಯಲ್ಲಿ ಎದೆಮಟ್ಟದಲ್ಲಿ ಬಣ್ಣವೇ ಇರಲಿಲ್ಲ. ಸರಳುಗಳು ಬೆಳ್ಳಗೆ ಸವೆದಿದ್ದವು. ಅಂಗೈಯಗಲದ ಗುರುತುಗಳು, ಒಂದರ ಮೇಲೊಂದು. ಅಲ್ಲಲ್ಲಿ ಉಗುರು ಗೀರಿದ ಹಾಗೆ ಗೆರೆಗಳು. ಮೇಲ್ಭಾಗದಲ್ಲಿ ಹೊಗೆಯ ಮಸಿ.

ಅಣ್ಣನನ್ನು ಕೈಹಿಡಿದು ಜಗಲಿಗೆ ಕರೆತಂದು ಕೂರಿಸಿದೆವು. ಅವನು ತುಂಬ ಹೊತ್ತು ನೋಡಿದ. ‘ಇದು ಗಣಿ ಬಾಯಿಗೆ ಹಾಕಿದ್ದು,’ ಎಂದ. ‘ಆಳುಗಳು ಒಳಗಿರಾಗ ಹೊರಗ್ನಿಂದ ಬೀಗ ಹಾಕ್ತಿದ್ರು ಅಂತ ಕಾಣ್ತದೆ. ಎಲ್ಲೋ ಯಾವ್ದೋ ದೇಶದಾಗೆ ನಮ್ಮಂಗೇ ಅಗಿಯೋರು.’ ಕೆಮ್ಮು ಬಂತು. ಕೆಮ್ಮು ಬರದಿದ್ದರೂ ಮುಂದೆ ಹೇಳುತ್ತಿರಲಿಲ್ಲ.

ಆಷಾಢದ ಮೊದಮೊದಲು ಬಂದ ಕಬ್ಬಿಣವೆಲ್ಲ ಸುಸ್ತಾಗಿ ಬಿದ್ದುಕೊಂಡಿರುತ್ತದೆ. ಹದಿನೈದು ದಿನ ಕಳೆದರೆ ಅದಕ್ಕೆ ಅತ್ತೆಮನೆಯ ನೆನಪು ಶುರುವಾಗುತ್ತದೆ, ರೈಲುದಾರಿಯ ಕಡೆಗೆ ಮುಖ ಮಾಡಿ ಸಣ್ಣಗೆ ಗುಂಯ್ ಎನ್ನುತ್ತದೆ. ರಾತ್ರಿ ಊರಿಗೆ ಊರೇ ಜೇನುಗೂಡಿನ ಹಾಗೆ ಗುಂಯ್‌ಗುಡುವುದನ್ನು ಕೇಳುತ್ತಾ ನಮ್ಮ ಹೆಂಗಸರು, ‘ಸಾಕಾಯ್ತು ಕಣ್ರೀ ತವರು ಇವಕ್ಕೆ, ಗಂಡನ ಧ್ಯಾನ,’ ಎಂದು ನಗಾಡುತ್ತಾರೆ. ನಮ್ಮ ಗೇಟು ಗುಂಯ್ ಎನ್ನಲಿಲ್ಲ. ದಿನದಿನಕ್ಕೆ ಅದು ಅಂಗಳದಿಂದ ಒಳಕ್ಕೆ ಸರಿಯುತ್ತಾ ಬಂತು. ಸರಿಯುವುದನ್ನು ಯಾರೂ ನೋಡಲಿಲ್ಲ. ಬೆಳಿಗ್ಗೆ ಎದ್ದರೆ ಬಚ್ಚಲ ಗೋಡೆಯ ಪಕ್ಕ ಇರುತ್ತಿತ್ತು, ಮರುದಿನ ಹಿತ್ತಲಲ್ಲಿ. ಒಂದು ದಿನ ನೋಡಿದರೆ ಆಡಿನ ದೊಡ್ಡಿಗೆ ಹೋಗಿ ನಿಂತಿದೆ. ಆ ದೊಡ್ಡಿಗೆ ಎಂದೂ ಸರಿಯಾದ ಬಾಗಿಲಿರಲಿಲ್ಲ, ಜಾಲಿಮುಳ್ಳು ಅಡ್ಡ ಎಳೆಯುತ್ತಿದ್ದೆವು. ಈಗ ಹಸಿರು ಗೇಟು ಕಲ್ಲುಕಂಬಕ್ಕೆ ಅಂಟಿಕೊಂಡು ಹುಟ್ಟಿದಾಗಿನಿಂದ ಅಲ್ಲೇ ಇದ್ದ ಹಾಗೆ ನಿಂತಿತ್ತು. ಬೆಳಿಗ್ಗೆ ತಾನೇ ತೆರೆದುಕೊಳ್ಳುತ್ತಿತ್ತು, ಮುಸ್ಸಂಜೆಗೆ ಆಡುಗಳೆಲ್ಲ ಒಳಗಾದ ಮೇಲೆ ಮುಚ್ಚಿಕೊಳ್ಳುತ್ತಿತ್ತು. ಆದರೆ ಚಿಲಕ ಬೀಳುತ್ತಿರಲಿಲ್ಲ. ಒಂದು ಮರಿ ಮೂತಿಯಿಂದ ನೂಕಿದರೂ ಸಾಕು, ಸರಾಗವಾಗಿ ಬಿಟ್ಟುಕೊಡುತ್ತಿತ್ತು.

ನಾನು ಮೆಚ್ಚಿಕೊಂಡು, ‘ಎಷ್ಟು ಕೆಲಸಗಾತಿ ನೋಡತ್ಗೆ, ಬಂದ ಮನೇಲೂ ಸುಮ್ನೆ ಕೂರಲ್ಲ,’ ಎಂದೆ.

ಅತ್ತಿಗೆ ನನ್ನ ಮುಖ ನೋಡಿದಳು. ‘ಹೋಗಾಕೆ ಮನಸ್ಸಿಲ್ದೋರು ತವರಲ್ಲಿ ಹಿಂಗೇ ಕೆಲ್ಸ ಹುಡುಕ್ಕೊಂಡು ಮಾಡ್ತಾರೆ ಕಣೇ ಲಕ್ಕಿ. ಕೆಲ್ಸಕ್ಕೆ ಬೇಕು ಇವ್ಳು ಅಂತ ಯಾರಾದ್ರೂ ಅಂದಾರು ಅಂತ.’

ಆಗ ನನಗೆ ಹಳೆಯದೊಂದು ನೆನಪಾಯಿತು. ಅವಳ ಮೊದಲ ಆಷಾಢ ಮುಗಿದಾಗ ಅವಳನ್ನು ಕರೆತರಲು ಅಣ್ಣನ ಜೊತೆ ಹೋದವಳು ನಾನು. ಅವಳ ಅಪ್ಪನ ಮನೆಯ ಕೊಟ್ಟಿಗೆ ಕನ್ನಡಿಯ ಹಾಗೆ ಇತ್ತು. ಸಗಣಿ ಬಳಿದು, ರಂಗೋಲಿ ಬಿಟ್ಟು, ದನದ ಕೊಂಬಿಗೆಲ್ಲ ಎಣ್ಣೆ ಸವರಿ ಇಟ್ಟಿದ್ದಳು. ನಮ್ಮನ್ನು ಕಂಡವಳೇ ಮತ್ತೆ ಒಂದು ಕಡೆಯಿಂದ ಗುಡಿಸಲು ಶುರು ಮಾಡಿದಳು. ಅವರಪ್ಪ ಅವಳನ್ನು ಒಂದು ಮಾತೂ ಕೇಳಲಿಲ್ಲ, ಮಡಿಲು ತುಂಬಿಸಿ ಗಾಡಿ ಹತ್ತಿಸಿದರು. ನಮ್ಮವ್ವ ಸಾಮಾನ್ಯದವಳಲ್ಲ. ಹೊಡೆದವಳಲ್ಲ, ಆದರೆ ಸೊಸೆ ತಟ್ಟೆ ಮುಂದೆ ಕೂತ ಕ್ಷಣಕ್ಕೇ ಏನಾದರೂ ಕೆಲಸ ನೆನಪಾಗುತ್ತಿತ್ತು ಅವಳಿಗೆ. ವರ್ಷಗಟ್ಟಲೆ ಅತ್ತಿಗೆ ಬಿಸಿ ಅನ್ನ ಉಂಡದ್ದು ನಾನು ಕಂಡಿಲ್ಲ. ಅಣ್ಣ ಆಗ ತಾಯಿಗೆ ಎದುರಾಡದ ಮಗ. ಅವ್ವ ಹೋದ ಮೇಲೆ ಅವನು ಬೇರೆಯೇ ಮನುಷ್ಯನಾದ, ಇವಳ ಕೈಯಲ್ಲಿ ಒಂದು ಬಿಂದಿಗೆ ಕಂಡರೆ ಎದ್ದು ಇಸಿದುಕೊಳ್ಳುತ್ತಿದ್ದ. ಎಲ್ಲ ಸರಿಹೋಯಿತು ಎಂದು ನಾವೆಲ್ಲ ಹೇಳುತ್ತೇವೆ, ಅವಳೂ ಇಲ್ಲವೆನ್ನುವುದಿಲ್ಲ.

ಅಮಾವಾಸ್ಯೆಗೆ ನಾಲ್ಕೈದು ದಿನವಿರುವಾಗ ರಫ್ತು ಕಚೇರಿಯ ಸೀತಾಪತಿಯವರು ಮನೆಮನೆಗೆ ಬಂದು ವಿಚಾರಿಸಿಕೊಂಡು ಹೋಗುವುದು ರೂಢಿ. ಒಳ್ಳೆಯ ಮನುಷ್ಯ, ಬೆವರು ಜಾಸ್ತಿ. ಕೊಟ್ಟ ಮಜ್ಜಿಗೆ ಕುಡಿದು, ‘ಹುಡುಗಿ ಹೇಗಿದ್ದಾಳಮ್ಮ? ಹೊರಡೋದಕ್ಕೆ ಸಿದ್ಧವೇ?’ ಎಂದು ಕೇಳಿದರು.

‘ಇಲ್ಲ ಸಾಮಿ. ಇವ್ಳನ್ನ ನಾನು ಕಳ್ಸಲ್ಲ,’ ಎಂದಳು ಅತ್ತಿಗೆ.

ಅವರು ತಮಾಷೆ ಎಂದುಕೊಂಡು ನಕ್ಕರು. ಆಮೇಲೆ ಅವಳು ಹಿತ್ತಲಿಗೆ ಕರೆದುಕೊಂಡು ಹೋಗಿ ಸವೆದ ಸರಳು ತೋರಿಸಿದಾಗ ನಗು ನಿಂತಿತು. ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡರು. ತುಸು ಹೊತ್ತಿನ ಮೇಲೆ ಮೆಲ್ಲಗೆ ಹೇಳಿದರು: ‘ನನಗೂ ಕರುಳಿದೆಯಮ್ಮ. ಆದರೆ ಇದನ್ನು ಕೊಂಡಿರೋದು ಎಲ್ಲರಿಗಿಂತ ದೊಡ್ಡ ಕಂಪನಿ. ಅರ್ಧದಷ್ಟು ಅದಿರು ಅವರೇ ತಗೊಳ್ಳೋದು. ನನ್ನ ತಾತನ ಕಾಲದಲ್ಲಿ ಒಂದು ಮನೆಯವರು ಬರೀ ಒಂದು ಬಾಣಲೆ ಇಟ್ಟುಕೊಂಡದ್ದಕ್ಕೆ ಹಡಗುಗಳೇ ನಿಂತುಹೋದವಂತೆ. ಕತ್ತಲಲ್ಲಿ ಕೂತರಂತೆ ಜನ. ಸೀಮೆಎಣ್ಣೆ ಬಿಡಿ, ಔಷಧಿ? ನಿಮ್ಮ ಯಜಮಾನರದ್ದೇ ಮಾತ್ರೆ ಇದೆಯಲ್ಲ, ಅದು ಆ ಕಂಪನಿಯ ದೇಶದಿಂದಲೇ ಬರೋದು.’

ಅತ್ತಿಗೆಗೆ ಇದು ಗೊತ್ತಿರಲಿಲ್ಲವೆಂದಲ್ಲ. ಯಾರಾದರೂ ಬಾಯಿಬಿಟ್ಟು ಹೇಳುವವರೆಗೆ ಗೊತ್ತಿಲ್ಲದ ಹಾಗೆ ಇದ್ದಳು ಅಷ್ಟೆ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ನಿಂತಳು. ಕೊನೆಗೆ, ‘ನಮ್ಮಲ್ಲಿ ಒಂದು ಪದ್ಧತಿ ಐತೆ. ಹೆಣ್ಣು ಹೋಗಲ್ಲ ಅಂದ್ರೆ, ಕರ್ಕೊಂಡು ಹೋಗೋರು ಬಂದು ಜಗಲಿ ಮ್ಯಾಲೆ ಕೂತು ನಾಕು ಜನದೆದುರಿಗೆ ಮಾತಾಡ್ಬೇಕು. ಆ ಕಂಪನಿಯೋರು ಬರ್ಲಿ,’ ಎಂದಳು.

‘ಅವರು ಬರೋದಿಲ್ಲಮ್ಮ. ಯಾವತ್ತೂ ಯಾರೂ ಬಂದಿಲ್ಲ.’

‘ಯಾರೂ ಕರ್ದಿರಾಕಿಲ್ಲ.’

ಅಮಾವಾಸ್ಯೆ ಬಂತು. ಊರಿನ ಉಳಿದ ಕಬ್ಬಿಣವೆಲ್ಲ ಗುಂಯ್‌ಗುಡುತ್ತಾ ಹೊರಟುಹೋಯಿತು. ಅತ್ತಿಗೆ ಮಡಿಲು ತುಂಬದ ನಮ್ಮ ಗೇಟು ಮಾತ್ರ ದೊಡ್ಡಿಯಲ್ಲೇ ಉಳಿಯಿತು. ಶ್ರಾವಣ ಹುಟ್ಟುತ್ತಲೇ ಕಂಪನಿಯವರು ಹಡಗು ನಿಲ್ಲಿಸಿದರು, ಅವರನ್ನು ನೋಡಿ ಮತ್ತೆ ಕೆಲವರು ನಿಲ್ಲಿಸಿದರು. ಸಂಜೆಯ ರೇಡಿಯೋದಲ್ಲಿ ಅದಿರಿನ ಲೆಕ್ಕ ಓದುವ ಹೊತ್ತಿಗೆ ವೀಣೆ ಬಾರಿಸಲು ತೊಡಗಿದರು. ಬೀದಿಯ ಕೊನೆಯ ಅಂಗಡಿಯಲ್ಲಿ ಸೀಮೆಎಣ್ಣೆಯ ಪೀಪಾಯಿ ತಳ ಕಂಡಿತು. ಗುಡ್ಡದಲ್ಲಿ ಕೆಲಸ ನಿಂತು ಗಂಡಸರು ಹಗಲು ಹೊತ್ತಿನಲ್ಲಿ ಕಟ್ಟೆಯ ಮೇಲೆ ಕೂತು ಗಡ್ಡ ತುರಿಸಿಕೊಂಡರು. ರಾಜಧಾನಿಯ ದೊಡ್ಡವರೊಬ್ಬರು, ಒಬ್ಬ ಹೆಂಗಸಿನ ಹಟಕ್ಕೆ ದೇಶ ಒಲೆ ಆರಿಸಿ ಕೂರಬೇಕೇ ಎಂದು ಭಾಷಣ ಮಾಡಿದರು. ನಮ್ಮ ಊರಿನವರಿಗೆ ಅದನ್ನು ಕೇಳಿ ಸಿಟ್ಟು ಬಂತು, ಆದರೆ ಅತ್ತಿಗೆಯ ಮೇಲೂ ಬಂತು. ನಲ್ಲಿಯ ಹತ್ತಿರ ಅವಳು ಹೋದರೆ ಮಾತು ನಿಲ್ಲುತ್ತಿತ್ತು.

ಬೈದವರನ್ನು ತಡೆದುಕೊಳ್ಳಬಹುದು. ಎದುರು ಮನೆಯ ಕೊಟ್ರಮ್ಮ ಬೈಯಲಿಲ್ಲ. ಅವಳ ಮೊಮ್ಮಗಳಿಗೆ ಮೂರ್ಛೆಯ ಕಾಯಿಲೆ, ಕೆಂಪು ಔಷಧಿ ಕೊಡಬೇಕು. ಅವಳು ಸೀಸೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದು ಅತ್ತಿಗೆಯ ಪಕ್ಕ ಕೂತು, ‘ಇಷ್ಟೇ ಉಳ್ದೈತೆ ಕಣಕ್ಕ,’ ಎಂದು ತೋರಿಸಿದಳು. ಕಳಿಸು ಎನ್ನಲಿಲ್ಲ, ಕಳಿಸಬೇಡ ಎನ್ನಲಿಲ್ಲ. ಇಬ್ಬರೂ ಕೂತು ಅತ್ತರು. ಅವಳು ಎದ್ದು ಹೋದ ಮೇಲೆ ಅತ್ತಿಗೆ ಅಕ್ಕಿ, ಬೆಲ್ಲ, ತೆಂಗಿನಕಾಯಿ ಎಲ್ಲ ಮೊರದಲ್ಲಿ ಜೋಡಿಸಿಕೊಂಡು ಹಿತ್ತಲಿಗೆ ಹೋದಳು. ಕಳಿಸಿಯೇಬಿಡುತ್ತಾಳೆ ಎಂದುಕೊಂಡೆ, ಸುಳ್ಳು ಯಾಕೆ ಹೇಳಲಿ, ಮನಸ್ಸಿಗೆ ಹಗುರವೂ ಆಯಿತು. ಅಣ್ಣನ ಡಬ್ಬಿಯಲ್ಲಿ ಮಾತ್ರೆ ತಳ ಸೇರಿತ್ತು. ಅವನು ನಮಗೆ ಗೊತ್ತಾಗದ ಹಾಗೆ ಒಂದನ್ನು ಹಲ್ಲಿನಲ್ಲಿ ಕಚ್ಚಿ ಎರಡು ಹೊತ್ತಿಗೆ ಮಾಡುತ್ತಿದ್ದ. ಆದರೆ ಅತ್ತಿಗೆ ಗೇಟಿನ ಮುಂದೆ ಮೊರ ಇಟ್ಟುಕೊಂಡು ಕೂತವಳು ಕೂತೇ ಇದ್ದಳು. ಒಂದು ಮರಿ ಬಂದು ಬೆಲ್ಲ ನೆಕ್ಕತೊಡಗಿತು. ಅವಳು ಅದನ್ನು ಓಡಿಸಲೂ ಇಲ್ಲ. ‘ನನ್ ಕೈಯಲ್ಲಾಗಲ್ಲ ಲಕ್ಕಿ,’ ಎಂದಳು. ‘ಕಳ್ಸಿದ್ರೆ ಇವ್ಳನ್ನ ಕೊಂದಂಗೆ. ಕಳಿಸ್ದಿದ್ರೆ ಕೊಟ್ರಿ ಮೊಮ್ಮಗ್ಳನ್ನ. ನಿಮ್ಮಣ್ಣನ್ನ. ಏನ್ ಮಾಡ್ಲಿ ಹೇಳು.’ ನಾನು ಮರಿಯ ಬಾಯಿಂದ ಬೆಲ್ಲ ಬಿಡಿಸಿದೆ.

ಶ್ರಾವಣದ ಕೊನೆಯ ವಾರ ಕಂಪನಿಯವನು ಬಂದೇಬಿಟ್ಟ. ಊರಿಗೂರೇ ಕಿತ್ತುಕೊಂಡು ನಮ್ಮ ಬೀದಿಗೆ ಬಂತು. ಉದ್ದನೆಯ, ಬಡಕಲು ಮನುಷ್ಯ. ಕಣ್ಣಿನ ಕೆಳಗೆ ಕಪ್ಪು. ಜೊತೆಗೆ ಸೀತಾಪತಿಯವರು, ಅವನ ಮಾತನ್ನು ನಮ್ಮ ಮಾತಿಗೆ ತಿರುಗಿಸುವ ಒಬ್ಬ ಹುಡುಗಿ. ನಮ್ಮ ಹೆಂಗಸರು ಕೋಪ ಮರೆತು, ‘ಅಳಿಯದೇವ್ರು ಬಂದ್ರು, ಅಳಿಯದೇವ್ರು ಬಂದ್ರು,’ ಎಂದು ಪಿಸುಗುಟ್ಟಿ ಸೆರಗಿನಲ್ಲಿ ನಕ್ಕರು. ಅತ್ತಿಗೆ ಮಾತ್ರ ಅಳಿಯನಿಗೆ ಮಾಡಬೇಕಾದ ಮರ್ಯಾದೆಯಲ್ಲಿ ಒಂದು ಚೂರೂ ಕಡಿಮೆ ಮಾಡಲಿಲ್ಲ. ಕಾಲಿಗೆ ನೀರು ಕೊಟ್ಟಳು, ಚಾಪೆ ಹಾಸಿದಳು, ಒಬ್ಬಟ್ಟಿನ ಮೇಲೆ ತುಪ್ಪ ಸುರಿದಳು. ಅವನು ಪಾಪ, ಎಡಗೈಯಲ್ಲಿ ತಿನ್ನಬಾರದೆಂದು ಗೊತ್ತಿಲ್ಲದೆ ಎಡಗೈ ಹಾಕಿ, ಮಕ್ಕಳು ಕಿಸಕ್ಕೆಂದಾಗ ಗಾಬರಿಯಾಗಿ ಎರಡೂ ಕೈ ಎತ್ತಿಕೊಂಡ. ತಿಂದು ಕೈ ತೊಳೆಯುವವರೆಗೆ ಅತ್ತಿಗೆ ಏನೂ ಕೇಳಲಿಲ್ಲ. ಆಮೇಲೆ ಎಲ್ಲರನ್ನೂ ಹಿತ್ತಲಿಗೆ ಕರೆದುಕೊಂಡು ಹೋಗಿ ಗೇಟಿನ ಮುಂದೆ ನಿಲ್ಲಿಸಿ ಕೇಳಿದಳು: ‘ನಮ್ಮ ಹುಡುಗಿಗೆ ಏನ್ ಮಾಡಿದ್ರಪ್ಪ?’

ಅವನು ಗೇಟನ್ನು ನೋಡಿದ, ನೆಲ ನೋಡಿದ. ನಿಧಾನವಾಗಿ ಹೇಳಿದ. ಹುಡುಗಿ ತಿರುಗಿಸಿ ಹೇಳುತ್ತಾ ಹೋದಳು. ಅವರ ಗಣಿಯಲ್ಲಿ ಆಳುಗಳು ಪಾಳಿ ಮುಗಿಯುವ ಮುಂಚೆ ಎದ್ದು ಹೋಗುತ್ತಿದ್ದರಂತೆ. ಅದಕ್ಕೆ ಗೇಟು ಹಾಕಿ, ಬೀಗ ಹಾಕಿ, ಕೀಲಿಕೈಗೆ ಒಬ್ಬನನ್ನು ಇಟ್ಟರಂತೆ. ಒಂದು ದಿನ ಒಳಗೆ ಬೆಂಕಿ ಎದ್ದಿತು. ಕೀಲಿಕೈಯವನು ಊಟಕ್ಕೆ ಹೋಗಿದ್ದ.

ಹಿತ್ತಲಲ್ಲಿ ನಿಂತಿದ್ದ ಗಂಡಸರೆಲ್ಲ ಗುಡ್ಡದೊಳಗೆ ಇಳಿದು ಹತ್ತಿದವರೇ.

‘ಕೀಲಿಕೈ ಒಬ್ಬನ ಹತ್ತಿರ ಮಾತ್ರ ಇರಲಿ ಎಂದು ಹೇಳಿದ್ದು ನಾನು ಅಂತಿದ್ದಾರೆ,’ ಎಂದಳು ಹುಡುಗಿ. ‘ಬೇರೆ ಯಾರೂ ಬರಲು ಒಪ್ಪಲಿಲ್ಲವಂತೆ. ಅದಕ್ಕೇ ನಾನೇ ಬಂದೆ ಅಂತಿದ್ದಾರೆ.’

ಅತ್ತಿಗೆ ಅವನನ್ನು ಬೈಯುತ್ತಾಳೆ ಎಂದು ಎಲ್ಲರೂ ಕಾದರು. ಅವಳು, ‘ಈಗ ಇವ್ಳು ಹೋಗೋದು ಎಲ್ಲಿಗೆ?’ ಎಂದು ಕೇಳಿದಳು.

‘ಅದೇ ಜಾಗಕ್ಕೆ.’

‘ಆಷಾಢದಿಂದ ಅಲ್ಲಿ ಬಾಗ್ಲಿಗೆ ಏನ್ ಮಾಡ್ಕೊಂಡಿದೀರಿ?’

‘ಹಗ್ಗ ಕಟ್ಟಿದ್ದೇವೆ.’

‘ಯಾರಾದ್ರೂ ಎದ್ದು ಓಡೋದ್ರಾ?’

ಅವನು ಸ್ವಲ್ಪ ಯೋಚಿಸಿ, ‘ಇಲ್ಲ,’ ಎಂದ. ಅಲ್ಲಿಯವರೆಗೆ ಆ ಪ್ರಶ್ನೆಯನ್ನು ಯಾರೂ ಅವನಿಗೆ ಕೇಳಿರಲಿಲ್ಲ ಎಂದು ಮುಖ ನೋಡಿದರೇ ತಿಳಿಯುತ್ತಿತ್ತು.

‘ಹಂಗಾದ್ರೆ ಹಗ್ಗನೇ ಇರ್ಲಿ ಬಿಡಿ.’

ಜನ ಹೋ ಎಂದು ನಕ್ಕುಬಿಟ್ಟರು, ಅಷ್ಟು ದಿನದ ಬಿಗಿಯೆಲ್ಲ ಒಮ್ಮೆಗೇ ಸಡಿಲವಾಗಿ. ಆದರೆ ಕಂಪನಿಯವನು ನಗಲಿಲ್ಲ. ತನ್ನ ಕೈಯಲ್ಲಿ ಏನೂ ಇಲ್ಲ, ಮೇಲಿನವರಿಗೆ ಗೇಟು ಬೇಕು, ಒಂದನ್ನು ಬಿಟ್ಟುಕೊಟ್ಟರೆ ನಾಳೆ ನಿಮ್ಮ ಊರಿನಲ್ಲಿ ಏನೇನು ಉಳಿಯುತ್ತದೋ ಎಂಬ ಭಯ ಅವರಿಗೆ, ಗೇಟು ಕೊಟ್ಟರೆ ನಾಳೆಯೇ ಹಡಗು ಬಿಡುತ್ತಾರೆ, ಇಲ್ಲವಾದರೆ ಬೇರೆ ದೇಶದ ಗುಡ್ಡ ಹುಡುಕಿಕೊಳ್ಳುತ್ತಾರೆ ಎಂದ. ಸೀತಾಪತಿಯವರು ಕರವಸ್ತ್ರದಿಂದ ಕತ್ತು ಒರೆಸಿಕೊಂಡು ಅತ್ತಿಗೆಯ ಕಡೆ ನೋಡಿದರು. ಎಲ್ಲರೂ ನೋಡಿದರು. ಕೊಟ್ರಮ್ಮ ಮಾತ್ರ ತಲೆ ಬಗ್ಗಿಸಿದಳು. ಅತ್ತಿಗೆ ಸೆರಗಿನ ತುದಿಯನ್ನು ಮತ್ತೆ ಬೆರಳಿಗೆ ಸುತ್ತತೊಡಗಿದಳು. ಆ ಕ್ಷಣ ಯಾರಾದರೂ ಒಬ್ಬರು ಕಳಿಸವ್ವಾ ಎಂದಿದ್ದರೆ ಅವಳು ಕಳಿಸಿಬಿಡುತ್ತಿದ್ದಳು ಎಂದು ನನಗೆ ಇವತ್ತಿಗೂ ಅನ್ನಿಸುತ್ತದೆ.

ಆಗ ಹಿಂದಿನಿಂದ ಕುಯ್ಯೋ ಎನ್ನುವ ಸದ್ದು ಬಂತು. ನಮ್ಮಣ್ಣ. ಮಂಚದಿಂದ ಎದ್ದು, ಗೋಡೆ ಹಿಡಿದು, ಬಚ್ಚಲು ದಾಟಿ ಬಂದಿದ್ದಾನೆ. ಜನ ದಾರಿ ಬಿಟ್ಟರು. ನಾನು ಹಿಡಿದುಕೊಳ್ಳಲು ಹೋದರೆ ಕೈ ಕೊಸರಿದ. ದೊಡ್ಡಿಯ ಒಳಗಡೆ ಹೋಗಿ, ಗೇಟನ್ನು ತನ್ನ ಮುಂದಕ್ಕೆ ಎಳೆದುಕೊಂಡು, ಬಣ್ಣ ಸವೆದ ಜಾಗದ ಮೇಲೆ ಎರಡೂ ಅಂಗೈ ಇಟ್ಟ. ಸರಿಯಾಗಿ ಕೂತವು.

‘ಸಾಮಿ,’ ಎಂದ ಕಂಪನಿಯವನಿಗೆ. ಒಂದೊಂದು ಮಾತಿಗೂ ನಿಲ್ಲುತ್ತಿದ್ದ. ‘ಈ ಅದುರು ಅಗ್ದೋನು ನಾನಿರಬೌದು. ನಿಮ್ ದೇಶದ ಮಾತ್ರೇಲಿ ಉಸ್ರಾಡೋನೂ ನಾನೇ. ನಿಮ್ ಮ್ಯಾಲೆ ಕ್ವಾಪ ಇಲ್ಲ. ಆದ್ರೆ ಕಳ್ಸಲ್ಲ. ಇವ್ಳು ಹೇಳಾಕೆ ಆಗ್ದೆ ನಿಂತವ್ಳೆ, ಅದ್ಕೆ ನಾನ್ ಹೇಳ್ತಿದೀನಿ.’

ಹುಡುಗಿ ಅದನ್ನು ತಿರುಗಿಸಿ ಹೇಳಲು ಬಾಯಿ ತೆರೆದಳು. ಕಂಪನಿಯವನು ಬೇಡವೆಂದು ಕೈ ಮಾಡಿದ. ಗೇಟಿನ ಈಚೆ ನಿಂತು ಅಣ್ಣನ ಕೈಗಳನ್ನೇ ನೋಡುತ್ತಿದ್ದ. ಕೊಟ್ರಮ್ಮ ದೊಡ್ಡಿಯೊಳಗೆ ಹೋಗಿ ಅಣ್ಣನ ಬೆನ್ನು ನೀವಿದಳು.

ಆಮೇಲೆ ಆದದ್ದನ್ನು ಎಲ್ಲರೂ ಬಲ್ಲರು. ಕಂಪನಿ ಬೇರೆ ಗುಡ್ಡ ಹುಡುಕಿತು, ಆ ಗುಡ್ಡದ ಕಬ್ಬಿಣ ಒಂದು ಮಳೆಗೇ ತುಕ್ಕು ಹಿಡಿಯಿತು. ದಸರೆಯವರೆಗೆ ದೇಶವೆಲ್ಲ ಹೊಂಗೆಎಣ್ಣೆಯ ದೀಪದಲ್ಲಿ ಕೂತು ನಮ್ಮನ್ನು ಬೈಯಿತು. ಸೀತಾಪತಿಯವರು ಊರೂರು ಅಲೆದು ಇನ್ಯಾವುದೋ ದೇಶದ ಹಡಗಿನಲ್ಲಿ ಮೊದಲು ಔಷಧಿ ತರಿಸಿದರು, ಅಣ್ಣನ ಮಾತ್ರೆಯೂ ಅದರಲ್ಲೇ ಬಂತು. ಕೊಟ್ರಮ್ಮನ ಮೊಮ್ಮಗಳು ಎರಡು ಸಲ ಬಿದ್ದಳು, ಬದುಕಿಕೊಂಡಳು, ಈಗ ಶಾಲೆಗೆ ಹೋಗುತ್ತಾಳೆ. ದೀಪಾವಳಿಯ ಹೊತ್ತಿಗೆ ಕಂಪನಿಯೂ ತಾನಾಗಿ ಮರಳಿ ಬಂತು. ಒಪ್ಪಂದಕ್ಕೆ ಒಂದು ಸಾಲು ಹೆಚ್ಚಾಯಿತು: ತವರಲ್ಲೇ ಉಳಿಯುತ್ತೇನೆ ಎಂದವಳನ್ನು ಯಾರೂ ವಾಪಸ್ಸು ಕೇಳತಕ್ಕದ್ದಲ್ಲ. ಉಳಿಯುವವರು ತೀರ ಕಡಿಮೆ. ಬಹುಪಾಲು ಕಬ್ಬಿಣಕ್ಕೆ ಅತ್ತೆಮನೆಯೇ ಇಷ್ಟ, ಆ ಹೊಲಿಗೆ ಮಷೀನಿನಂಥವಕ್ಕಂತೂ ತವರಿನಲ್ಲಿ ಒಂದು ತಿಂಗಳು ಕಳೆಯುವುದೇ ಕಷ್ಟ. ಆದರೂ ಹೋಗುತ್ತೀಯಾ, ಇರುತ್ತೀಯಾ ಎಂದು ಒಬ್ಬೊಬ್ಬಳನ್ನೂ ಕೇಳುತ್ತೇವೆ.

ನಾನು ಹೇಳಬೇಕೆಂದಿದ್ದು ಅಂದಿನ ಸಂಜೆಯದು. ಕಂಪನಿಯವನು ಹೊರಟುಹೋಗಿದ್ದ, ಜನ ಚದುರಿದ್ದರು. ಅಣ್ಣನಿಗೆ ಒಳಗೆ ನಡೆಯಲು ಆಗದೆ ಹಿತ್ತಲ ಒರಳುಕಲ್ಲಿನ ಮೇಲೆ ಕೂರಿಸಿದ್ದೆವು. ಅತ್ತಿಗೆ ಅವನ ಕಾಲಬಳಿ ಕೂತು ಎದೆಗೆ ಬಿಸಿ ಎಣ್ಣೆ ತಿಕ್ಕುತ್ತಿದ್ದಳು, ಬೈಯುತ್ತಿದ್ದಳು ಕೂಡ. ‘ಯಾರು ಎದ್ದು ಬರಾಕೆ ಹೇಳಿದ್ರು ನಿಮ್ಗೆ? ಏನಾದ್ರೂ ಆಗಿದ್ರೆ? ಮಾತ್ರೆ ಎಲ್ಲಿಂದ ತರ್ಲಿ ನಾನೀಗ?’ ನಾನು ಆಡುಗಳನ್ನು ಒಳಗೆ ಅಟ್ಟುತ್ತಿದ್ದೆ.

ಅಣ್ಣ ಅವಳ ಕೈ ಹಿಡಿದು ನಿಲ್ಲಿಸಿದ. ಮದುವೆಯಾಗಿ ಅಷ್ಟು ವರ್ಷದಲ್ಲಿ ನನ್ನೆದುರಿಗೆ ಅವಳ ಕೈ ಹಿಡಿದವನಲ್ಲ ಅವನು. ನಾನು ಆಡಿನ ಕಡೆಗೆ ಮುಖ ತಿರುಗಿಸಿಕೊಂಡೆ, ಕಿವಿಯನ್ನು ಮಾತ್ರ ತಿರುಗಿಸಲಾಗಲಿಲ್ಲ.

‘ಬೋರಿ,’ ಎಂದ. ‘ಅವತ್ತು ನಾನು ಕರ್ಯಾಕೆ ಬಂದಾಗ ನಿಮ್ಮಪ್ಪ ನನ್ನ ಜಗಲಿ ಮ್ಯಾಲೆ ಕೂರ್ಸಿ, ನಮ್ಮ ಹುಡುಗಿಗೆ ಏನ್ ಮಾಡಿದ್ರಪ್ಪ ಅಂತ ಕೇಳಿ, ಕಳ್ಸಲ್ಲ ಅಂದುಬಿಟ್ಟಿದ್ರೆ, ನೀನು ನಂಗೆ ಸಿಕ್ತಿರಲಿಲ್ಲ.’ ಉಸಿರಿಗಾಗಿ ನಿಂತ. ‘ಆದ್ರೂ ಅನ್ನಬೇಕಾಗಿತ್ತು ಕಣೇ.’

ಅತ್ತಿಗೆ ಎದ್ದು ಒಳಗೆ ಹೋದಳು, ಒಲೆ ಹೊತ್ತಿಸಿ ಅನ್ನಕ್ಕಿಟ್ಟಳು. ಬೆಂದ ಮೇಲೆ ಮೊದಲ ಸಟ್ಟುಗ ಬಡಿಸಿಕೊಂಡಿದ್ದು ತನ್ನ ತಟ್ಟೆಗೆ. ಹಬೆಯಾಡುತ್ತಿರುವಾಗಲೇ ಹಿತ್ತಲಿಗೆ ತಂದು, ಅವನ ಎದುರಿಗೆ ಕೂತು, ಊದಿಕೊಂಡು ಊದಿಕೊಂಡು ಉಂಡಳು.